ಪಿ.ಪಿ. ನಂಬರಿನ ಊರಿಗೆ ಬಂದ ರೆಡಿಮೇಡ್ ಚೌಕಟ್ಟು

ಆ ಕಂಪ್ಯೂಟರ್ ಕ್ಲಾಸಿಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಗೋಕಾಕದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಔಷಧದ ಅಂಗಡಿಯ ಮೇಲಿನ ಮಹಡಿ. ಆರು ಕಂಪ್ಯೂಟರು, ಆರಕ್ಕೂ ಹೂವಿನ ಚಿತ್ತಾರದ ಪ್ಲಾಸ್ಟಿಕ್ ಮುಸುಕು. ಮಧ್ಯಾಹ್ನ ಎರಡರಿಂದ ನಾಲ್ಕು ಹೆಂಗಸರ ಬ್ಯಾಚು. ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಆದ್ದರಿಂದ ನಾಲ್ಕಕ್ಕೆ ಎದ್ದರೆ ಸಂತೆಪೇಟೆಯಲ್ಲಿ ಕಾಯಿಪಲ್ಲೆ ಹಿಡಿದು ಒಲೆ ಹೊತ್ತಿಸುವುದಕ್ಕೆ ಸರಿಯಾಗುತ್ತಿತ್ತು. ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷ ಆಗಿತ್ತು. ನನಗೆ ಮೂವತ್ತಾರು. ಬ್ಯಾಚಿನಲ್ಲಿ ನಾನೇ ಹಿರಿಯಳು.

ಅಲ್ಲಿ ಕಲಿಸುತ್ತಿದ್ದ ಸರ್ ಪುಣೆಯಲ್ಲಿ ಎರಡು ವರ್ಷ ಇದ್ದು ಬಂದವರು. ಯಾವಾಗಲೂ ಇಸ್ತ್ರಿ ಮಾಡಿದ ಶರ್ಟು, ಆದರೆ ಎಡತೋಳಿನ ಗುಂಡಿ ಮಾತ್ರ ಯಾವತ್ತೂ ಹಾಕಿದ್ದಿಲ್ಲ. ಒಂದು ದಿನ ನನ್ನ ಕುರ್ಚಿಯ ಹಿಂದೆ ನಿಂತು ಅವರು ಹೇಳಿದ ಮಾತು ನನಗೆ ಇವತ್ತಿಗೂ ಹಲ್ಲಿನಲ್ಲಿ ಸಿಕ್ಕ ನಾರಿನ ಹಾಗೆ ಕಾಡುತ್ತದೆ.

"ಅಕ್ಕಾರ, ಒಳಗ ಏನೈತಿ ಅಂತ ತಲಿ ಕೆಡಿಸ್ಕೋಬ್ಯಾಡ್ರಿ. ಫ್ರೇಮ್‌ವರ್ಕ್ ಐತಲ್ಲ, ಎಲ್ಲಾ ಅದ ನೋಡ್ಕೋತೈತಿ."

ಫ್ರೇಮ್‌ವರ್ಕ್ ಎಂದರೆ ವೆಬ್‌ಸೈಟ್ ಕಟ್ಟುವವರಿಗಾಗಿ ಬೇರೆ ಯಾರೋ ಮೊದಲೇ ಬರೆದಿಟ್ಟ ಚೌಕಟ್ಟು. ಸದಸ್ಯರ ನೋಂದಣಿ, ಪಟ್ಟಿ, ಹುಡುಕಾಟ, ತಿದ್ದುಪಡಿ ಎಲ್ಲ ಅದರೊಳಗೆ ತಯಾರಾಗಿ ಕೂತಿರುತ್ತದೆ. ನಾವು ಹೆಸರು ಹಾಕಿ, ಬಣ್ಣ ಬಳಿದು, ನಾವೇ ಮಾಡಿದ್ದು ಅಂತ ಹೇಳಿಕೊಂಡು ಓಡಾಡಬಹುದು. ಅನುಭವಸ್ಥರಿಗೆ ಅದರಿಂದ ಕೆಲಸ ಹಗುರಾಗುತ್ತದಂತೆ. ಆಗಲಿ, ನಾನು ಅವರ ಜೊತೆ ಜಗಳಕ್ಕೆ ಹೋಗುವುದಿಲ್ಲ. ಮೊದಲ ಸಲ ಕೀಲಿಮಣೆಯ ಮೇಲೆ ಬೆರಳಿಟ್ಟವರ ಕೈಗೆ ಅದನ್ನು ಕೊಡುತ್ತಾರಲ್ಲ, ನನ್ನ ಸಿಟ್ಟು ಅವರ ಮೇಲೆ. ಸಿಟ್ಟು ಅನ್ನುವ ಪದವನ್ನು ನಾನು ಅಷ್ಟು ಸುಲಭವಾಗಿ ಬರೆಯುವವಳಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಹತ್ತು ವರ್ಷ ಮೆತ್ತಗೆ ಮಾತಾಡುವುದನ್ನು ಕಲಿತವಳು. ಮೆತ್ತಗೆ ಹೇಳಿದರೂ ಅದು ಸಿಟ್ಟೇ.

ಆ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ನಾವು ಕಸೂತಿ ಹಾಕಿದ ಕರವಸ್ತ್ರ ತಂದು ಮುಂದಿಟ್ಟರೆ ಹೂವಿನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಥಟ್ಟನೆ ಮಗುಚಿ ಹಿಂಬದಿ ನೋಡುತ್ತಿದ್ದರು. ಗಂಟು, ಜೋತುಬಿದ್ದ ದಾರ, ಅಡ್ಡ ಹಾಯ್ದ ಎಳೆ ಕಂಡರೆ ಮುಂದಿನ ಗುಲಾಬಿ ಎಷ್ಟು ಚಂದ ಇದ್ದರೂ ಬಿಚ್ಚಿಸುತ್ತಿದ್ದರು. ಮಾರ್ಕು ಬೀಳುತ್ತಿದ್ದದ್ದು ಹಿಂಬದಿಗೆ. ನಮ್ಮ ಸರ್ ಕೊಟ್ಟ ಚೌಕಟ್ಟಿಗೆ ಹಿಂಬದಿ ಎಂಬುದು ಇರಲಿಲ್ಲ ಅಂತಲ್ಲ. ಮಗುಚಬೇಡಿ ಅನ್ನುವುದೇ ಅವರ ಪಾಠವಾಗಿತ್ತು.

ಇದಕ್ಕೂ ಹಿಂದಿನ ಒಂದು ಸಂಗತಿ ಹೇಳದೆ ಮುಂದೆ ಹೋಗುವ ಹಾಗಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಮದುವೆಯಾಗಿ ಗೋಕಾಕಕ್ಕೆ ಬಂದಾಗ ನಮ್ಮ ಓಣಿಯಲ್ಲಿ ಫೋನು ಇದ್ದದ್ದು ನಮ್ಮ ಮನೆಯಲ್ಲಿ ಒಂದೇ. ಮಾವನವರ ಅರಿಷಿಣದ ವ್ಯಾಪಾರಕ್ಕೆ ಹಾಕಿಸಿದ್ದು. ಓಣಿಯವರೆಲ್ಲರ ಮದುವೆ ಪತ್ರಿಕೆಯಲ್ಲಿ, ಅರ್ಜಿಯಲ್ಲಿ, ಅಂಗಡಿಯ ಬೋರ್ಡಿನಲ್ಲಿ ನಮ್ಮ ನಂಬರೇ. ಪಕ್ಕದಲ್ಲಿ ಕಂಸದೊಳಗೆ ಪಿ.ಪಿ. ಅಂದರೆ, ಫೋನು ನಮ್ಮದಲ್ಲ, ಬಾಜೂ ಮನೆಯವರದು, ಕರೆದರೆ ಬರುತ್ತೇವೆ. ಹೊಸ ಸೊಸೆಯ ಕೆಲಸ ಕರೆಯುವುದು. ಹಿಟ್ಟಿನ ಕೈಯಲ್ಲೇ ಓಡಿ, "ಕಾಕೂ, ನಿಮಗ ಹುಕ್ಕೇರಿಯಿಂದ ಫೋನ್ ಬಂದೈತ್ರಿ" ಅಂತ ಬಾಗಿಲು ಬಡಿಯುತ್ತಿದ್ದೆ. ಅವರು ಬಂದು, ಫೋನಿನ ಮೇಲಿನ ಕ್ರೋಶಾ ಹೆಣಿಗೆಯ ಮುಸುಕನ್ನು ಎತ್ತಿ, ರಿಸೀವರನ್ನು ಸೆರಗಿನಿಂದ ಒರೆಸಿ, ಮಾತಾಡಿ ಹೋಗುವವರೆಗೆ ನಾನು ಒಳಮನೆಯಲ್ಲಿ ಕಿವಿ ಮುಚ್ಚಿಕೊಂಡವಳ ಹಾಗೆ ನಿಂತಿರುತ್ತಿದ್ದೆ. ಒಂದು ನಂಬರು ಎಂದರೆ ಒಬ್ಬ ಮನುಷ್ಯ ಅಂತ ನಮ್ಮ ಕಡೆ ಯಾರಿಗೂ ಅನ್ನಿಸಿರಲಿಲ್ಲ. ಒಂದು ನಂಬರು ಎಂದರೆ ಒಂದು ಓಣಿ.

ಇದು ನನಗೆ ಗೊತ್ತಿತ್ತು. ಯಾರಿಗೆ ಗೊತ್ತಿರದಿದ್ದರೂ ನನಗೆ ಗೊತ್ತಿತ್ತು. ಅದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಬೇಕು.

ಕ್ಲಾಸು ಸೇರಿದ ಮೊದಲ ಒಂದೂವರೆ ತಿಂಗಳು ಚಂದ ಇತ್ತು. ಖಾಲಿ ನೋಟ್‌ಪ್ಯಾಡು ತೆರೆದು ಕೈಯಿಂದಲೇ ಪುಟ ಬರೆಯುತ್ತಿದ್ದೆವು. ಶೀರ್ಷಿಕೆ ದಪ್ಪ ಆಗಬೇಕಾದರೆ ಏನು ಬರೆಯಬೇಕು, ಚಿತ್ರ ಕೂರಿಸಬೇಕಾದರೆ ಏನು ಬರೆಯಬೇಕು. ಒಂದು ಚಿಹ್ನೆ ಮುಚ್ಚಲು ಮರೆತರೆ ಪುಟವಿಡೀ ಸೊಟ್ಟ. ನಾನು ಮಾಡಿದ ಮೊದಲ ಪುಟದಲ್ಲಿ ಕರದಂಟು ಮಾಡುವ ವಿಧಾನ ಇತ್ತು. ಅದನ್ನು ನೋಡಲು ಅತ್ತೆ ಮಹಡಿ ಹತ್ತಿ ಬಂದಿದ್ದರು. "ಅಂಟು ಹುರಿಯೂದು ಬರದೀಯಲ್ಲ, ತುಪ್ಪ ಎಷ್ಟಂತ ಬರದಿಲ್ಲಲ್ಲಾ" ಅಂದು ಇಳಿದು ಹೋದರು. ನಾನು ಕೂತು ತುಪ್ಪ ಸೇರಿಸಿದೆ. ತಪ್ಪು ಎಲ್ಲಿದೆ ಅಂತ ಗೊತ್ತಿತ್ತು, ಯಾಕೆಂದರೆ ಪ್ರತಿ ಸಾಲೂ ನಾನೇ ಬರೆದದ್ದು.

ಅಷ್ಟರಲ್ಲಿ ನಮ್ಮ ಸಮಾಜದ ಹಿರಿಯರಿಗೆ ವಧೂ-ವರರ ವೆಬ್‌ಸೈಟ್ ಬೇಕೆನಿಸಿತು. ಹುಕ್ಕೇರಿಯಲ್ಲಿ ವಧೂ-ವರ ಮೇಳಾವ, ಅಂದರೆ ಸಮಾವೇಶ, ಇತ್ತು. ಅಲ್ಲಿಗೆ ಬಂದವರು ಕಾಗದದ ಕಟ್ಟು ತಿರುವುವ ಬದಲು ಪರದೆಯ ಮೇಲೆ ನೋಡಲಿ, ಸಾಂಗಲಿ ಕೊಲ್ಹಾಪುರದವರೂ ನೋಡಲಿ ಅಂತ. ಇಂಗ್ಲಿಷು ಬರುತ್ತದೆ, ಕಂಪ್ಯೂಟರ್ ಕಲಿಯುತ್ತಿದ್ದಾಳೆ, ಮನೆಯಲ್ಲೇ ಇರುತ್ತಾಳೆ ಎಂಬ ಮೂರು ಕಾರಣಕ್ಕೆ ಕೆಲಸ ನನಗೆ ಬಂತು. ಮೂರು ವಾರ ಸಮಯ. ನೋಟ್‌ಪ್ಯಾಡಿನಲ್ಲಿ ಬರೆಯುತ್ತೇನೆಂದು ಕೂತವಳನ್ನು ನೋಡಿ ಸರ್ ನಕ್ಕರು.

"ಮೂರ್ ವಾರದಾಗ ಕೈಲೆ ಬರೀತೀರಿ? ಅಕ್ಕಾರ, ರೊಟ್ಟಿ ತಿನ್ನಾಕ ಜ್ವಾಳ ಬಿತ್ತಾಕ ಹೊಂಟ್ರ್ಯಲ್ಲ!"

ಬ್ಯಾಚಿನ ಹುಡುಗಿಯರೆಲ್ಲ ನಕ್ಕರು. ನಾನೂ ನಕ್ಕೆ. ಅವರು ಎಡತೋಳು ಮೇಲೇರಿಸಿಕೊಳ್ಳುತ್ತ ನನ್ನ ಕೀಲಿಮಣೆಯಲ್ಲಿ ಏನೋ ನಾಲ್ಕು ಸಾಲು ಬಡಿದರು. ಹತ್ತು ನಿಮಿಷಕ್ಕೆ ಪರದೆಯ ಮೇಲೆ ಒಂದು ನೋಂದಣಿ ಫಾರ್ಮು. ಹೆಸರು, ಇ-ಮೇಲ್, ಊರು, ಓದು, ಫೋಟೊ. ತುಂಬಿ ಒತ್ತಿದರೆ ಪಟ್ಟಿಯಲ್ಲಿ ಸೇರುತ್ತದೆ, ಹುಡುಕಿದರೆ ಸಿಗುತ್ತದೆ. ಸುಳ್ಳು ಹೇಳಬಾರದು, ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಹೊಸಬರನ್ನು ಅದು ಹಿಡಿಯುವುದೇ ಹಾಗೆ. ಕಲಿಯುವ ಮೊದಲೇ ಕಲಿತ ಸುಖ ಕೊಟ್ಟುಬಿಡುತ್ತದೆ. ಆ ಸುಖ ಬಾಯಿಗೆ ಬಿದ್ದ ಮೇಲೆ ಮತ್ತೆ ಖಾಲಿ ನೋಟ್‌ಪ್ಯಾಡು ತೆರೆಯುವ ಮನಸ್ಸು ಯಾರಿಗೆ ಬರುತ್ತದೆ?

ಇಡೀ ಫಾರ್ಮಿನಲ್ಲಿ ನಾನು ಸ್ವಂತ ಕೈಯಿಂದ ಸೇರಿಸಿದ್ದು ಒಂದೇ ಒಂದು. ಕೊನೆಯಲ್ಲಿ "ಪುನರ್ವಿವಾಹ" ಎಂದು ಬರೆದು, ಮುಂದೆ ಗುರುತು ಹಾಕುವ ಪುಟ್ಟ ಚೌಕ. ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳ ಹೆಸರೂ ಪಟ್ಟಿಯಲ್ಲಿ ಇರಲಿ ಅಂತ ನಾನು ಹಿರಿಯರ ಮುಂದೆ ಒಂದು ಮಧ್ಯಾಹ್ನ ಹಟ ಹಿಡಿದಿದ್ದೆ. ಇರಲಿ ಬಿಡಿ, ಕೊನೆಗೆ ಹಾಕಿ ಅಂದಿದ್ದರು. ಕೊನೆಗೆ ಹಾಕಿದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಒಂದೊಂದು ಸೈಬರ್ ಅಂಗಡಿಗೆ ಹೋಗಿ, ಅವರವರೇ ತುಂಬಿಸಿ ಅಂತ ಸುದ್ದಿ ಮುಟ್ಟಿಸಿದೆವು. ಮೇಳಾವದ ಹಿಂದಿನ ದಿನ ಪಟ್ಟಿ ತೆಗೆದು ನೋಡಿದೆ. ನೂರಾರು ಬರುತ್ತವೆ ಅಂದುಕೊಂಡಿದ್ದೆ, ಇಪ್ಪತ್ತೂ ಇರಲಿಲ್ಲ. ಮೂಡಲಗಿಯಿಂದ ಒಂದೇ. ಹೆಣ್ಣುಮಕ್ಕಳ ಫೋಟೊ ಇಂಟರ್ನೆಟ್ಟಿಗೆ ಹಾಕಲು ಜನ ನಾಚುತ್ತಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಯಂತ್ರ ಕಡಿಮೆ ತೋರಿಸಿದರೆ ತಪ್ಪು ಜನರದೇ ಇರಬೇಕು ಅನ್ನುವ ಬುದ್ಧಿ ಅಷ್ಟು ಬೇಗ ನನಗೂ ಬಂದಿತ್ತು.

ಮೂಡಲಗಿಯ ಆ ಒಂದು ಹೆಸರು ನನಗೆ ಗೊತ್ತಿದ್ದ ಹುಡುಗಿಯದು. ಅತ್ತೆಯ ತವರಿನ ಕಡೆಯವಳು. ಬಿ.ಎಡ್. ಮುಗಿಸಿ ಅಲ್ಲೇ ಒಂದು ಸಾಲೆಯಲ್ಲಿ ಕಲಿಸುತ್ತಿದ್ದಳು. ನಕ್ಕರೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ. ಬೆರಳ ತುದಿಯಲ್ಲಿ ಯಾವಾಗಲೂ ಸೀಮೆಸುಣ್ಣ. ಹುಕ್ಕೇರಿಯ ಒಂದು ಮನೆಯವರು ಆಕೆಯನ್ನು ಯಾರದೋ ಮದುವೆಯಲ್ಲಿ ನೋಡಿ ಒಪ್ಪಿದ್ದರು. ಹುಡುಗನೂ ಆಕೆಯೂ ಎರಡು ಸಲ ಮಾತಾಡಿದ್ದರು, ಆಕೆಗೂ ಮನಸ್ಸಾಗಿತ್ತು. ಮೇಳಾವ ಮುಗಿದ ಮರುವಾರ ಕುಂಕುಮ ಹಚ್ಚುವ ನಿಶ್ಚಿತಾರ್ಥದ ಶಾಸ್ತ್ರ ಇತ್ತು. ಸಂಬಂಧ ಆಗಲೇ ಕೂಡಿದ್ದರೂ ಸಮಾಜದ ಪಟ್ಟಿಯಲ್ಲಿ ಹೆಸರಿರಲಿ ಅಂತ ಆಕೆಯ ತಾಯಿ ತುಂಬಿಸಿದ್ದರು.

ಮೇಳಾವದ ದಿನ ಮಂಗಲ ಕಾರ್ಯಾಲಯದ ಮೂಲೆಯಲ್ಲಿ ಎರಡು ಕಂಪ್ಯೂಟರು ಇಟ್ಟು ನಾನು ಕೂತಿದ್ದೆ. ಇಳಕಲ್ ಸೀರೆ, ಒಳ್ಳೆಯ ದಿನಗಳಿಗೆ ಎತ್ತಿಟ್ಟಿದ್ದು. ಹುಡುಗನ ಸೋದರತ್ತೆ ಬಂದರು. ಕನ್ನಡಕಕ್ಕೆ ಕರಿ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. "ನಮ್ಮ ಸೊಸೀದ ತಗೀರಿ, ಹೆಂಗ ಕಾಣ್ತಾಳ ನೋಡೂಣು" ಅಂದರು, ಪ್ರೀತಿಯಿಂದಲೇ. ಮೂಡಲಗಿ ಒತ್ತಿದೆ. ಹುಡುಗಿಯ ಫೋಟೊ ಬಂತು. ಅವರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ಮೇಲಿಂದ ಕೆಳಗೆ ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಓದಿದರು. "ಇದನ್ನ ಕಾಗದದ ಮ್ಯಾಲ ತಗದ ಕೊಡಾಕ ಬರ್ತೈತೇನ್ರಿ?" ಅಂದರು. ಮೆಚ್ಚಿ ಕೇಳುತ್ತಿದ್ದಾರೆ ಅಂದುಕೊಂಡು ನಾನೇ ಪ್ರಿಂಟು ತೆಗೆದು, ಮಡಚಿ, ಎರಡೂ ಕೈಯಿಂದ ಕೊಟ್ಟೆ.

ಮರುದಿನ ಬೆಳಿಗ್ಗೆ ಫೋನು. ಮೂಡಲಗಿಯಿಂದ ಹುಡುಗಿಯ ತಾಯಿ. ಅತ್ತೆ ಎತ್ತಿ, ಅರ್ಧ ಕೇಳಿ, ರಿಸೀವರನ್ನು ನನ್ನ ಕೈಗೆ ಒಗೆದ ಹಾಗೆ ಕೊಟ್ಟರು.

"ಏನ್ ಮಾಡೀಯವಾ ತಂಗಿ! ನನ್ನ ಮಗಳಿಗಿ ಎರಡನೇ ಲಗ್ನ ಅಂತ ಬರದೀಯಂತ? ಮೊದ್ಲ ಒಂದ್ ಆಗಿದ್ದು ಮುಚ್ಚಿಟ್ರಿ ಅಂತ ಅವರು ಹೇಳಿ ಕಳಸ್ಯಾರ. ಆಕಿ ನಿನ್ನೀಯಿಂದ ಕೋಲ್ಯಾಗಿಂದ ಹೊರಗ ಬಂದಿಲ್ಲ."

ನನ್ನ ಕಾಲಕೆಳಗಿನ ಶಹಾಬಾದ್ ಕಲ್ಲು ತಣ್ಣಗಿದ್ದದ್ದು ನೆನಪಿದೆ. ಆ ಚೌಕವನ್ನು ತಾನು ಮುಟ್ಟೇ ಇಲ್ಲವೆಂದು ಅವರು ಆಣೆ ಮಾಡಿದ್ದೂ ನೆನಪಿದೆ. ಅಂದು ಎರಡು ಗಂಟೆಯವರೆಗೂ ಕಾಯದೆ ಕ್ಲಾಸಿಗೆ ಹೋದೆ. ಪರದೆಯ ಮೇಲೆ ಇತ್ತು: ಪುನರ್ವಿವಾಹ, ಹೌದು. ಸರ್ ಟೀ ಕುಡಿಯುತ್ತ ನೋಡಿದರು.

"ತುಂಬಿದವ್ರು ತಪ್ಪ ತುಂಬ್ಯಾರ ಬಿಡ್ರಿ. ತಗದ ಹಾಕ್ರಿ, ಆತು."

"ಹುಡುಗಿ ತಾಯಿ ಆಣಿ ಮಾಡಿ ಹೇಳ್ತಾರ್ರಿ, ಆ ಚೌಕ ಮುಟ್ಟೇ ಇಲ್ಲಂತ."

"ಮುಟ್ಟಲಾರದ ಹೆಂಗ ಬರ್ತೈತ್ರಿ? ಫ್ರೇಮ್‌ವರ್ಕ್ ತಪ್ಪ ಮಾಡೂದಿಲ್ಲ. ಜಗತ್ತಿನ್ಯಾಗ ಎಷ್ಟ್ ಮಂದಿ ವಾಪರ್‌ಸ್ತಾರ ಗೊತ್ತೈತೇನು?"

"ಹಂಗಾರ ಒಳಗ ಎಲ್ಲಿ ಏನಾಗತೈತಿ ಅಂತ ನೀವ ತೋರಸ್ರಿ."

ಸರ್ ಕುರ್ಚಿ ಎಳೆದುಕೊಂಡು ಕೂತರು. ಒಂದು ಕಡತ ತೆರೆದರು, ಮುಚ್ಚಿದರು. ಇನ್ನೊಂದು ತೆರೆದರು. ಕಡತದೊಳಗೆ ಕಡತ, ಅದರೊಳಗೆ ಇನ್ನೊಂದು. ಟೀಯ ಮೇಲೆ ಕೆನೆ ಕಟ್ಟಿತು. ಅರ್ಧ ಗಂಟೆ ಆದ ಮೇಲೆ, "ಇದು ಅದರ ಒಳಗಿನ ಮಾತ್ರಿ, ನಮಗ ಸಂಬಂಧಿಲ್ಲ" ಅಂದರು. ನನಗೆ ಆಗ ಹೊಳೆಯಿತು. ಒಳಗೆ ನೋಡಬೇಡಿ ಅಂತ ಅವರು ನಮಗೆ ಹೇಳುತ್ತಿದ್ದದ್ದು ನಮ್ಮ ಅನುಕೂಲಕ್ಕಲ್ಲ. ಅವರೂ ಒಳಗೆ ನೋಡಿದವರಲ್ಲ. ಅವರಿಗೂ ಯಾರೋ ಹಾಗೆಯೇ ಹೇಳಿಕೊಟ್ಟಿದ್ದರು, ಅವರು ನಮಗೆ ದಾಟಿಸಿದ್ದರು.

ಮನೆಗೆ ಬಂದು ಮೂಡಲಗಿಯ ಸೈಬರ್ ಅಂಗಡಿಗೆ ಫೋನು ಮಾಡಿದೆ. ಅಂಗಡಿಯ ಕಾಕಾ ಒಳ್ಳೆಯ ಮನುಷ್ಯ. ಬಂದವರ ಹೆಸರನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು.

"ಕಾಕಾ, ನಿಮ್ಮಲ್ಲೆ ಎಷ್ಟ ಮಂದಿ ಫಾರ್ಮ್ ತುಂಬಿದ್ರು?"

"ಏಳ ಮಂದಿ, ತಂಗೆವ್ವಾ."

"ಏಳ? ಇಲ್ಲೆ ಒಂದ ಕಾಣತೈತ್ರಿ."

"ಯಾಕ, ನಾನ ಕುಂತ ತುಂಬಸೇನಲ್ಲ. ಇ-ಮೇಲ್ ಹಾಕದಿದ್ರ ಮುಂದ ಹೋಗವಲ್ದಾಗಿತ್ತ ಅದು. ಇವರಿಗೆಲ್ಲಿ ಇ-ಮೇಲ್? ನಂದ ಹಾಕಿದ್ನಿ ಎಲ್ಲಾರಿಗೂ. ಪಿ.ಪಿ. ಇದ್ದಂಗ. ಏನರ ಬಂದ್ರ ನಾ ಕರದ ಹೇಳತೇನಲ್ಲ."

ನಾನು ಫೋನಿನ ಮುಸುಕಿನ ದಾರ ಎಳೆಯುತ್ತ ನಿಂತೆ. ಪಿ.ಪಿ. ಇದ್ದಂಗ. ಕಾಕಾ ಮಾಡಿದ್ದರಲ್ಲಿ ಏನು ತಪ್ಪಿತ್ತು? ನಾನು ಹಿಟ್ಟಿನ ಕೈಯಲ್ಲಿ ವರ್ಷಗಟ್ಟಲೆ ಮಾಡಿದ್ದನ್ನೇ ಅವರು ಮಾಡಿದ್ದರು.

ಮುಂದಿನ ಮೂರು ಮಧ್ಯಾಹ್ನ ನಾನು ಆ ಚೌಕಟ್ಟನ್ನು ಮಗುಚಿ ಹಿಂಬದಿ ಓದಿದೆ. ಕಾನ್ವೆಂಟಿನ ಇಂಗ್ಲಿಷು ಆಗ ಉಪಯೋಗಕ್ಕೆ ಬಂತು. ಬರೆದವರು ನಡುನಡುವೆ ಇಂಗ್ಲಿಷಿನಲ್ಲಿ ಟಿಪ್ಪಣಿ ಇಟ್ಟಿದ್ದರು. ಮೂರನೆಯ ದಿನ ಸಿಕ್ಕಿತು. ಒಂದು ಇ-ಮೇಲ್ ಎಂದರೆ ಒಬ್ಬ ಮನುಷ್ಯ ಅಂತ ಅದು ನಂಬಿತ್ತು. ಅದೇ ಇ-ಮೇಲ್ ಮತ್ತೆ ಬಂದರೆ ಹಳೆಯ ಮನುಷ್ಯನೇ ತಿದ್ದಲು ಬಂದಿದ್ದಾನೆ ಅಂದುಕೊಂಡು, ಹಳೆಯದರ ಮೇಲೆ ಹೊಸದನ್ನು ಬರೆಯುತ್ತಿತ್ತು. ಹೆಸರಿನ ಮೇಲೆ ಹೆಸರು, ಫೋಟೊದ ಮೇಲೆ ಫೋಟೊ. ಗುರುತಿನ ಚೌಕದ್ದು ಮಾತ್ರ ಬೇರೆ. ಖಾಲಿ ಬಿಟ್ಟ ಚೌಕ "ಇಲ್ಲ" ಅನ್ನುವುದಿಲ್ಲ. ಅದು ಏನನ್ನೂ ಕಳಿಸುವುದೇ ಇಲ್ಲ, ಸುಮ್ಮನಿರುತ್ತದೆ. ಸುಮ್ಮನಿದ್ದವರದು ಮೊದಲಿನ ಉತ್ತರವೇ ಅಂತ ಚೌಕಟ್ಟು ತಿಳಿದುಕೊಳ್ಳುತ್ತಿತ್ತು. ಕಾಕಾನ ನೋಟ್‌ಬುಕ್ಕು ತರಿಸಿ ನೋಡಿದೆ. ಮೂಡಲಗಿಯಲ್ಲಿ ಎಲ್ಲರಿಗಿಂತ ಮೊದಲು ಫಾರ್ಮು ತುಂಬಿದವಳು ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳು. ಧೈರ್ಯ ಮಾಡಿ ಗುರುತು ಹಾಕಿದ್ದಳು. ಆಕೆಯ ಗುರುತು ಒಬ್ಬರಿಂದ ಒಬ್ಬರಿಗೆ ದಾಟಿ, ಏಳನೆಯವಳಾದ ನಮ್ಮ ಹುಡುಗಿಯ ಮೇಲೆ ಬಂದು ಕೂತಿತ್ತು. ಗುರುತು ಉಳಿದಿತ್ತು, ಹಾಕಿದವಳು ಅಳಿಸಿಹೋಗಿದ್ದಳು.

ಖಾಲಿ ಚೌಕ ಏನನ್ನೂ ಕಳಿಸುವುದಿಲ್ಲ ಎಂಬುದು ದೊಡ್ಡ ವಿದ್ಯೆಯಲ್ಲ. ನೋಟ್‌ಪ್ಯಾಡಿನಲ್ಲಿ ಇನ್ನೊಂದು ವಾರ ಕೂತಿದ್ದರೆ ಮೊದಲ ಫಾರ್ಮಿನಲ್ಲೇ ನನಗೆ ಗೊತ್ತಾಗುತ್ತಿತ್ತು. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಫಾರ್ಮನ್ನು ನಾನೇ ಬರೆದಿದ್ದರೆ, "ಇ-ಮೇಲ್" ಎಂದು ಬೆರಳಿನಿಂದ ಒತ್ತುವ ಹೊತ್ತಿಗೆ ಯಾರದ್ದು ಅಂತ ಒಂದು ಕ್ಷಣ ಯೋಚಿಸುತ್ತಿದ್ದೆ. ಮೂಡಲಗಿಯ ಯಾರ ಮನೆಯಲ್ಲಿ ಇ-ಮೇಲ್ ಇದೆ? ಕೈಯಿಂದ ಬರೆಯುವವಳಿಗೆ ಪ್ರತಿ ಸಾಲೂ ಒಂದು ಪ್ರಶ್ನೆ ಕೇಳುತ್ತದೆ. ರೆಡಿಮೇಡ್ ಚೌಕಟ್ಟು ಆ ಪ್ರಶ್ನೆಗಳನ್ನೆಲ್ಲ ಕೇಳಿ, ಉತ್ತರವನ್ನೂ ಕೊಟ್ಟು ಮುಗಿಸಿರುತ್ತದೆ. ಮನೆಯಲ್ಲಿ ಮಂದಿಗೊಂದು ಇ-ಮೇಲ್ ಇರುವ ಯಾವುದೋ ಊರಿನವರು ತಮ್ಮ ಬದುಕು ನೋಡಿ ಕೊಟ್ಟ ಉತ್ತರ ಅದು. ಅವರಿಗೆ ಸರಿ ಇರಬಹುದು. ಆ ಉತ್ತರವನ್ನು ಅಲ್ಲಾಡಿಸಿ ನೋಡುವ ಶಕ್ತಿ ಕಲಿಯುವವಳಿಗೆ ಇರುವುದಿಲ್ಲ. ಅಲ್ಲಿ ಪ್ರಶ್ನೆಯೊಂದಿತ್ತು ಎಂಬುದೇ ಆಕೆಗೆ ಗೊತ್ತಿರುವುದಿಲ್ಲ. ಹೊಸಬರಿಗೆ ಇದು ಏಣಿ ಅನ್ನುವವರನ್ನು ಈಗಲೂ ನೋಡುತ್ತೇನೆ. ನನಗೆ ಅದು ಮುಸುಕು ಹಾಕಿ ಎತ್ತಿಕೊಂಡು ಹೋಗಿ ಮಹಡಿಯ ಮೇಲೆ ಇಳಿಸಿದ ಹಾಗೆ. ಇಳಿಯುವ ದಾರಿ ಕಾಣುವುದು ಬಿದ್ದ ಮೇಲೆ.

ನಾಲ್ಕನೆಯ ದಿನ ಅತ್ತೆ, ನಾನು, ಆ ಹುಡುಗಿ ಮೂವರೂ ಹುಕ್ಕೇರಿಯ ಬಸ್ಸು ಹತ್ತಿದೆವು. ಹುಡುಗಿ ತಾನೇ ಬರುತ್ತೇನೆಂದಳು. ನನ್ನ ಚೀಲದಲ್ಲಿ ಕಾಕಾನ ನೋಟ್‌ಬುಕ್ಕು, ನನ್ನ ಮೂರು ದಿನದ ಟಿಪ್ಪಣಿ, ಕರದಂಟಿನ ಪೊಟ್ಟಣ. ದಾರಿಯುದ್ದಕ್ಕೂ ಆಕೆ ಕಿಟಕಿಯ ಸರಳನ್ನು ಉಗುರಿನಿಂದ ಕೆರೆಯುತ್ತಿದ್ದಳು. ಒಂದು ಸಲ ಮಾತ್ರ, "ವೈನಿ, ಅವರು ನಂಬತಾರಲ್ಲ?" ಅಂದಳು. ನಂಬುತ್ತಾರೆ ಅಂದೆ.

ಮನೆಯ ಪಡಸಾಲೆಯಲ್ಲಿ ನೀರು ಕೊಟ್ಟರು, ಕೂರಿಸಿದರು. ಹುಡುಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ನಾನು ಕೊಟ್ಟ ಪ್ರಿಂಟು ಸೋದರತ್ತೆಯ ಮಡಿಲಲ್ಲಿತ್ತು. ನಾನು ನಿಧಾನವಾಗಿ, ಪಿ.ಪಿ. ಫೋನಿನ ಉದಾಹರಣೆ ಕೊಟ್ಟು, ಎಲ್ಲ ಬಿಡಿಸಿ ಹೇಳಿದೆ. ನೋಟ್‌ಬುಕ್ಕು ತೋರಿಸಿದೆ. ತಪ್ಪು ನನ್ನದೇ ಅಂದೆ.

"ಮಿಷನ್ ಸುಳ್ಳ ಹೇಳತೈತೇನ್ರಿ?" ಅಂದರು ಸೋದರತ್ತೆ.

"ಮಿಷನ್ ಏನ್ ಹೇಳತೈತ್ರಿ," ಅತ್ತೆ ಬಾಯಿ ಹಾಕಿದರು, "ನಮ್ಮ ಸೊಸಿ ಹೇಳೂದನ್ನ ಹೇಳತೈತಿ. ಈಕಿ ತುಪ್ಪ ಬರಿಯೂದ ಮರತಾಕಿ."

ಯಾರೂ ನಗಲಿಲ್ಲ. ಹುಡುಗನ ತಂದೆ ಗಂಟಲು ಸರಿಮಾಡಿಕೊಂಡರು. "ಹೋಗ್ಲಿ ಬಿಡ್ರಿ, ಆಗೂದ ಆತು. ನಾವು ಸಂಬಂಧ ಮುರಿಯಂಗಿಲ್ಲ. ಬರೇ ಒಂದ್ ಕೆಲಸ ಮಾಡ್ರಿ. ಇದು ಮೊದಲನೇ ಲಗ್ನ ಅಂತ ಮೂಡಲಗಿ ಹಿರಿಯಾರ ಕಡೆಯಿಂದ ಒಂದ್ ಬರದ ತರ್ರಿ, ನಾಲ್ಕ್ ಮಂದಿ ಸಹಿ ಹಾಕಿಸಿ. ನಾಳಿ ಯಾರರ ಕೇಳಿದ್ರ ತೋರಸಾಕ ಇರ್ಲಿ."

ನನಗೆ ಉಸಿರು ಬಂತು. ಇಷ್ಟೇ ತಾನೇ, ಬರೆಸಿಕೊಂಡು ಬಂದರಾಯಿತು. ಅತ್ತೆಯೂ ತಲೆಯಾಡಿಸಿದರು. ಅಷ್ಟರಲ್ಲಿ ಹುಡುಗಿ ಮಾತಾಡಿದಳು. ದನಿ ಎತ್ತರಿಸಲಿಲ್ಲ, ಸಾಲೆಯಲ್ಲಿ ಪಾಠ ಹೇಳುವ ದನಿ.

"ಮೂಡಲಗಿ ಇಲ್ಲಿಂದ ಎಷ್ಟ ದೂರ ಐತ್ರಿ?"

ಸೋದರತ್ತೆ ಮಡಚತೊಡಗಿದ ಪ್ರಿಂಟಿನತ್ತ ಆಕೆ ಬೆರಳು ಮಾಡಿದಳು.

"ಈ ಕಾಗದ ನೋಡಿದ ದಿನ ಒಂದ್ ಫೋನ್ ಮಾಡಿ, ಖರೇನ ಏನವಾ ಅಂತ ಕೇಳಬಹುದಿತ್ತು. ಕೇಳಲಿಲ್ಲ. ನಾ ಸುಮ್ಮ ಇದ್ದೇನಿ ಅಂದ್ರ ಹೌದ ಅಂತ ತಿಳಕೊಂಡ್ರಿ." ಬಾಗಿಲ ಕಡೆ ತಿರುಗಿ ಹುಡುಗನನ್ನು ನೋಡಿದಳು. "ನೀವೂ ಕೇಳಲಿಲ್ಲ."

ಹುಡುಗ ಚೌಕಟ್ಟಿನಿಂದ ಬೆನ್ನು ಎತ್ತಿದ. ಏನೋ ಹೇಳಲು ಬಾಯಿ ತೆರೆದು, ಮೊದಲು ತಂದೆಯ ಮುಖ ನೋಡಿದ. ಆಕೆ ಅಷ್ಟನ್ನೂ ನೋಡಿದಳು.

"ಸಹಿ ಹಾಕಿಸ್ಕೊಂಡ ಬಂದು ನಿಮ್ಮ ಮನಿ ತುಂಬಾಕ ನನಗ ಆಗೂದಿಲ್ರಿ" ಅಂದು ಎದ್ದಳು. ಹೊಸ್ತಿಲಲ್ಲಿ ಬಗ್ಗಿ ಚಪ್ಪಲಿಯ ಪಟ್ಟಿ ಹಿಡಿದಳು. ಮೂರು ಸಲ ತಪ್ಪಿ ನಾಲ್ಕನೆಯ ಸಲ ಹಾಕಿಕೊಂಡಳು. ಕರದಂಟಿನ ಪೊಟ್ಟಣ ಅಲ್ಲೇ ಉಳಿಯಿತು.

ಬಸ್ಸಿನಲ್ಲಿ ಅತ್ತೆ ಅತ್ತರು, ಆಕೆ ಅಳಲಿಲ್ಲ. ನಾನು ಕ್ಷಮೆ ಕೇಳಿದೆ. "ನೀವು ಏನ್ ಮಾಡ್ತೀರಿ ವೈನಿ" ಅಂತ ಆಕೆ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು. "ಆ ಮೊದಲನೇ ಆಕಿ ಹೆಸರು ಎಲ್ಲಿ ಹೋತ್ರಿ?" ಅಂತ ಕೇಳಿದಳು ಅಷ್ಟೇ. ಅಳಿಸಿಹೋಗಿದೆ ಅಂದೆ. "ಆಕಿನ್ನ ಯಾರೂ ಕೇಳಲಿಲ್ಲ, ಅಲಾ?" ಅಂದು ಮತ್ತೆ ಕಿಟಕಿಯ ಕಡೆ ತಿರುಗಿದಳು.

ಆ ಚೌಕಟ್ಟನ್ನು ನಾನು ಪೂರ್ತಿ ತೆಗೆದುಹಾಕಿದೆ. ಇನ್ನೆರಡು ಸಾಲು ತಿದ್ದಿದರೆ ಸಾಕು, ಮತ್ತೆ ಸರಿಹೋಗುತ್ತದೆ ಅಂತ ಸರ್ ಹೇಳಿದರು. ಇರಬಹುದು. ಆದರೆ ಇನ್ನೂ ಎಷ್ಟು ಕಡೆ ಅದು ನನ್ನ ಪರವಾಗಿ ಯಾರ ಬಗ್ಗೆ ಏನೇನು ತೀರ್ಮಾನ ಮಾಡಿಟ್ಟಿದೆಯೋ, ನನಗೆ ಗೊತ್ತಿರಲಿಲ್ಲ. ಖಾಲಿ ನೋಟ್‌ಪ್ಯಾಡು ತೆರೆದು ಮೊದಲಿನಿಂದ ಬರೆದೆ. ಮೂರು ವಾರವಲ್ಲ, ನಾಲ್ಕು ತಿಂಗಳು ಹಿಡಿಯಿತು. ನೋಡಲು ಕುರೂಪವಾಗಿತ್ತು, ಅಕ್ಷರ ಒಂದು ಕಡೆ ದೊಡ್ಡದು, ಒಂದು ಕಡೆ ಸಣ್ಣದು. ಇ-ಮೇಲ್ ಬೇಕೇಬೇಕು ಅನ್ನಲಿಲ್ಲ. ಫೋನ್ ನಂಬರಿನ ಪಕ್ಕದಲ್ಲಿ, "ಸ್ವಂತದ್ದೋ, ಪಿ.ಪಿ. ಇದ್ದರೆ ಯಾರ ಮನೆಯದು" ಅಂತ ಕೇಳಿದೆ. ಪುನರ್ವಿವಾಹಕ್ಕೆ ಚೌಕ ತೆಗೆದು ಎರಡು ಗುಂಡಿ ಇಟ್ಟೆ, ಹೌದು ಮತ್ತು ಇಲ್ಲ. ಎರಡರಲ್ಲಿ ಒಂದನ್ನು ಒತ್ತದೆ ಮುಂದೆ ಹೋಗುವಂತಿಲ್ಲ. ಯಾರ ಸುಮ್ಮನಿರುವಿಕೆಗೂ ಇನ್ನೊಬ್ಬರು ಅರ್ಥ ಹಚ್ಚುವ ಹಾಗಿಲ್ಲ.

ಮೂಡಲಗಿಯ ಏಳೂ ಹೆಸರುಗಳನ್ನು ಮತ್ತೆ ತುಂಬುವ ದಿನ ಕಾಕಾನ ಅಂಗಡಿಗೆ ನಾನೇ ಹೋದೆ. ಆ ಹುಡುಗಿ ಸಾಲೆ ಬಿಟ್ಟ ಮೇಲೆ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತಳು. ಮೊದಲು ಆ ಗಂಡನಿಲ್ಲದ ಹೆಣ್ಣುಮಗಳದನ್ನು ಹಾಕಿ ಅಂದಳು. ತಾನೇ ಆಕೆಯ ಮನೆಗೆ ಹೋಗಿ ಎಲ್ಲ ಮತ್ತೆ ಕೇಳಿ ಬರೆದುಕೊಂಡು ಬಂದಿದ್ದಳು. ಹಾಕಿದೆ. ಒಂದೊಂದೇ ಹಾಕುತ್ತ ಆರು ಮುಗಿದವು. ಪಟ್ಟಿ ತೆಗೆದು ನೋಡಿದರೆ ಆರೂ ಇದ್ದವು. ಏಳನೆಯದಕ್ಕೆ ಖಾಲಿ ಫಾರ್ಮು ತೆರೆದು ಆಕೆಯ ಕಡೆ ತಿರುಗಿದೆ.

"ನಂದೂ ಹಾಕ್ರಿ ವೈನಿ" ಅಂದಳು. "ಯಾಕ ಬಿಡಬೇಕು?"

ಆಕೆ ಹೇಳುತ್ತ ಹೋದಳು, ನಾನು ಒತ್ತುತ್ತ ಹೋದೆ. ಕೊನೆಯ ಸಾಲಿಗೆ ಬಂದಾಗ ಆಕೆ ನನ್ನ ಕೈಯನ್ನು ಮೌಸಿನಿಂದ ಮೆಲ್ಲಗೆ ಸರಿಸಿದಳು. ಬೆರಳಿನ ಸೀಮೆಸುಣ್ಣ ಮೌಸಿನ ಮೇಲೆ ಬಿಳಿಯಾಗಿ ಅಂಟಿತು. ಎರಡು ಗುಂಡಿಗಳನ್ನೂ ಸ್ವಲ್ಪ ಹೊತ್ತು ನೋಡಿ, "ಇಲ್ಲ" ಅನ್ನುವುದನ್ನು ತಾನೇ ಒತ್ತಿದಳು.